ಕುರ್ಚಿ ಹಾಕಿದವರ ಚಿತ್ರೋತ್ಸವ

ಕುಂದಲಹಳ್ಳಿಯಲ್ಲಿದ್ದವರು ಒಂದು ಒಳ್ಳೆಯ ಸಿನಿಮಾಕ್ಕೆಂದು ಬನಶಂಕರಿ ಎರಡನೇ ಹಂತಕ್ಕೆ ಹೋಗಬೇಕಾದರೆ ಒಂದು ಕಾಲಕ್ಕೆ ಅರ್ಧ ದಿನದ ರಜೆಯೇ ಬೇಕಾಗುತ್ತಿತ್ತು. ಕುಂದಲಹಳ್ಳಿ ಗೇಟಿನಲ್ಲಿ 335ಇ ಬಸ್ಸು ಹತ್ತಿದರೆ ಮಾರತ್‌ಹಳ್ಳಿ, ಎಚ್‌ಎಎಲ್, ದೊಮ್ಮಲೂರು ದಾಟಿ ಮೆಜೆಸ್ಟಿಕ್. ಅಲ್ಲಿಂದ ಇನ್ನೊಂದು ಬಸ್ಸು. 1971ರಲ್ಲಿ ಹುಟ್ಟಿದ ಸುಚಿತ್ರಾ ಫಿಲಂ ಸೊಸೈಟಿಯ ಅಂಗಳ ತಲುಪುವ ಹೊತ್ತಿಗೆ ಎಷ್ಟೋ ಸಲ ಚಿತ್ರದ ಮೊದಲ ದೃಶ್ಯಗಳು ಕಳೆದೇ ಹೋಗಿರುತ್ತಿದ್ದವು. ಚಿತ್ರ ಮುಗಿದ ಮೇಲಿನ ಮಾತುಕತೆಗೆ ನಾನು ನಿಂತದ್ದು ಅಪರೂಪ. ವಾಪಸ್ ಹೋಗುವ ಬಸ್ಸಿನ ಚಿಂತೆ ಎಬ್ಬಿಸಿಬಿಡುತ್ತಿತ್ತು.

ನಮ್ಮ ಕಡೆ ಪರದೆಗಳಿಗೇನೂ ಬರವಿರಲಿಲ್ಲ. ಮಾರತ್‌ಹಳ್ಳಿಯಲ್ಲಿ ತುಳಸಿ ಚಿತ್ರಮಂದಿರವಿತ್ತು. ಮಹದೇವಪುರ, ವೈಟ್‌ಫೀಲ್ಡ್ ಸುತ್ತ ಮಾಲ್‌ಗಳು ಎದ್ದಂತೆಲ್ಲ ಮಲ್ಟಿಪ್ಲೆಕ್ಸುಗಳೂ ಬಂದವು. ಆದರೆ ಯಾವ ದೊಡ್ಡ ನಿರ್ಮಾಪಕರ ಬೆಂಬಲವೂ ಇಲ್ಲದೆ ನಾಲ್ಕಾರು ಗೆಳೆಯರು ಸೇರಿ ಮಾಡಿದ ಚಿತ್ರಕ್ಕೆ ಅಲ್ಲಿ ಜಾಗ ಸಿಗುವುದು ಕಷ್ಟವಿತ್ತು. ಸಿಕ್ಕರೂ ಜನಕ್ಕೆ ಸುದ್ದಿ ಮುಟ್ಟುವಷ್ಟರಲ್ಲಿ ಚಿತ್ರ ಎತ್ತಂಗಡಿಯಾಗಿರುತ್ತಿತ್ತು. 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಪ್ರಶಸ್ತಿ ಗೆದ್ದ ‘ತಿಥಿ’ ಮರುವರ್ಷ ಇಲ್ಲಿ ಬಿಡುಗಡೆಯಾದಾಗ, ಮಂಡ್ಯ ಸೀಮೆಯ ಹಳ್ಳಿಗರೇ ನಟಿಸಿದ ಆ ಚಿತ್ರವನ್ನು ನೋಡಿ ಬಂದ ನಾವು ಕೆಲವರು ಕುಂದಲಹಳ್ಳಿ ಗೇಟಿನ ಚಹಾದಂಗಡಿಯಲ್ಲಿ ಬಹಳ ಹೊತ್ತು ಮಾತಾಡಿದೆವು. ಇಂಥ ಚಿತ್ರಗಳಿಗೆ ನಮ್ಮ ಊರಲ್ಲೇ ಒಂದು ಪರದೆ ಕಟ್ಟಿದರೆ ಹೇಗೆ ಎಂಬ ಪ್ರಶ್ನೆ ಅಲ್ಲಿ ಎದ್ದಿತು. ಆ ವರ್ಷದ ಆಷಾಢದಲ್ಲಿ ನಮ್ಮ ಮೊದಲ ಉತ್ಸವ ನಡೆಯಿತು.

ಆಷಾಢವನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಸರಳ. ಆ ತಿಂಗಳು ಮದುವೆಗಳಿಲ್ಲ, ಕಲ್ಯಾಣಮಂಟಪಗಳು ಖಾಲಿ. ಊರೊಳಗಿನ ಸಣ್ಣ ಮಂಟಪವೊಂದರ ಯಜಮಾನರು ಕರೆಂಟು ಮತ್ತು ಕಸ ಗುಡಿಸುವವರ ಖರ್ಚು ಕೊಟ್ಟರೆ ಸಾಕು ಎಂದರು. ಮದುವೆಮನೆಗೆಂದು ಕಟ್ಟಿದ ಜಾಗದಲ್ಲಿ ಸಿನಿಮಾ ತೋರಿಸುವುದು ಹೇಗೆಂದು ಅಲ್ಲಿಂದ ಕಲಿಯತೊಡಗಿದೆವು. ಗ್ರಾನೈಟ್ ನೆಲ, ಟೈಲ್ಸ್ ಹಾಕಿದ ಗೋಡೆ. ಪಾತ್ರವೊಂದು ಪಿಸುಗುಟ್ಟಿದರೂ ಆ ಸದ್ದು ನಾಲ್ಕು ಸಲ ತಿರುಗಿ ಬರುತ್ತಿತ್ತು. ಮನೆಮನೆಯಿಂದ ಜಮಖಾನ, ಹಳೆಯ ಪರದೆ, ಕಂಬಳಿ ತಂದು ಗೋಡೆಗೆ ಇಳಿಬಿಟ್ಟೆವು. ಕಿಟಕಿಗಳಿಗೆ ಕಪ್ಪು ಬಟ್ಟೆ ಹೊಲಿದುಕೊಟ್ಟವರು ಕುಂದಲಹಳ್ಳಿ ಕಾಲೊನಿಯ ಒಬ್ಬ ದರ್ಜಿ. ಕರೆಂಟು ಹೋಗಿ ಜನರೇಟರ್ ಹತ್ತಿಕೊಳ್ಳುವ ನಡುವಿನ ಕ್ಷಣದಲ್ಲಿ ಪ್ರೊಜೆಕ್ಟರ್ ಆರದಿರಲೆಂದು ಯುಪಿಎಸ್ ಕಟ್ಟಿದವರು ಎಇಸಿಎಸ್ ಲೇಔಟಿನ ಎಲೆಕ್ಟ್ರಿಷಿಯನ್. ಇವರಿಬ್ಬರೂ ಕೆಲಸಕ್ಕೆಂದು ಬಂದವರು, ಸಂಜೆ ಸಿನಿಮಾ ನೋಡಲು ಉಳಿದರು, ಮರುದಿನ ಕರೆಯದೆಯೇ ಬಂದರು.

ಆ ಉತ್ಸವದ ಕೊನೆಯ ರಾತ್ರಿ ಕುರ್ಚಿ ಜೋಡಿಸಿಡುವಾಗ, ನಮ್ಮ ಜೊತೆಗಿದ್ದ ನಿವೃತ್ತ ಮೇಷ್ಟ್ರೊಬ್ಬರು ಒಂದು ಮಾತು ಹೇಳಿದರು: ಇಲ್ಲಿ ಕುರ್ಚಿ ಹಾಕಿದವರಿಗೆಲ್ಲ ಮುಂದಿನ ಸಲ ಚಿತ್ರ ಆರಿಸುವ ಮತ ಇರಬೇಕು. ಸಿನಿಮಾ ಓದಿಕೊಂಡವರಿಗೂ ಒಂದೇ ಮತ, ದರ್ಜಿಗೂ ಒಂದೇ ಮತ. ನಮ್ಮಲ್ಲಿ ಕೆಲವರಿಗೆ ಹಿಂಜರಿಕೆಯಿತ್ತು. ಗುಣಮಟ್ಟ ಕೆಟ್ಟೀತೆಂಬ ಭಯವಿತ್ತು. ಆದರೂ ಒಪ್ಪಿದೆವು. ಇಷ್ಟು ವರ್ಷಗಳ ಮೇಲೆ ಹಿಂತಿರುಗಿ ನೋಡಿದರೆ, ನಾವು ಮಾಡಿಕೊಂಡ ನಿಯಮಗಳಲ್ಲಿ ಉತ್ಸವವನ್ನು ಉಳಿಸಿದ್ದು ಇದೊಂದೇ ಅನ್ನಿಸುತ್ತದೆ.

ಈ ಯೋಚನೆ ಕರ್ನಾಟಕಕ್ಕೆ ಹೊಸದೇನಲ್ಲ. ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಮತ್ತು ಗೆಳೆಯರು 1973ರಲ್ಲಿ ನೀನಾಸಮ್ ಚಿತ್ರಸಮಾಜ ಕಟ್ಟಿದಾಗ, ಅಡಿಕೆ ತೋಟದ ನಡುವಿನ ಹಳ್ಳಿಗೆ ಜಗತ್ತಿನ ಸಿನಿಮಾ ಏಕೆ ಎಂದು ಕೇಳಿದವರು ಇದ್ದೇ ಇದ್ದರು. ಆಮೇಲೆ ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದ್ದೂರ್ ಅವರಂಥ ಮೇಷ್ಟ್ರು ಹೆಗ್ಗೋಡಿಗೆ ಬಂದು ಪಾಠ ಮಾಡಿದರು, ಆ ಊರಿನ ಜನ ಹಳ್ಳಿಹಳ್ಳಿಗೆ ಚಿತ್ರಗಳನ್ನು ಒಯ್ದರು. ನಗರದ ರಸಿಕರಿಗೆ ಮೀಸಲೆಂದುಕೊಂಡ ಚಿತ್ರಗಳನ್ನು ಕೃಷಿಕರು ತಮ್ಮ ಬಾಳಿನ ಜೊತೆ ಇಟ್ಟು ಓದಬಲ್ಲರೆಂದು ಹೆಗ್ಗೋಡು ತೋರಿಸಿಕೊಟ್ಟಿತು. ನಮ್ಮ ಮೇಷ್ಟ್ರು ಯೌವನದಲ್ಲಿ ಅಲ್ಲಿನ ರಸಗ್ರಹಣ ಶಿಬಿರಕ್ಕೆ ಹೋಗಿ ಬಂದವರು. ಅವರ ನಂಬಿಕೆಯ ಬೇರು ಅಲ್ಲಿತ್ತು. ಬೆಂಗಳೂರಿನಲ್ಲೂ ದಾರಿ ತೋರಿಸಿದವರಿದ್ದರು. ಬೆಂಗಳೂರು ಫಿಲಂ ಸೊಸೈಟಿಯವರು 2005ರಿಂದ ನೀರಿನ ವಿಷಯಕ್ಕೇ ಮೀಸಲಾದ ‘ವಾಯ್ಸಸ್ ಫ್ರಮ್ ದಿ ವಾಟರ್ಸ್’ ಎಂಬ ಸಂಚಾರಿ ಚಿತ್ರೋತ್ಸವ ನಡೆಸುತ್ತ ಬಂದಿದ್ದರು. ಬೆಂಗಳೂರು ಕ್ವೀರ್ ಚಿತ್ರೋತ್ಸವ ಸ್ವಯಂಸೇವಕರ ದುಡಿಮೆ ಮತ್ತು ಸಮುದಾಯದ ದೇಣಿಗೆಯಿಂದಲೇ ನಡೆಯುತ್ತಿತ್ತು. 2006ರಲ್ಲಿ ಶುರುವಾದ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೂ ಫಿಲಂ ಸೊಸೈಟಿಗಳ ಆಸಕ್ತಿಯೇ ಬೀಜ. ದೊಡ್ಡ ಉತ್ಸವಗಳ ಹಿಂದೆಯೂ ಮೊದಲು ಕೈಯಿಂದ ದುಡ್ಡು ಹಾಕಿ ಪ್ರೊಜೆಕ್ಟರ್ ಹೊತ್ತ ಕೆಲವರು ಇದ್ದೇ ಇರುತ್ತಾರೆ.

ಸ್ವತಂತ್ರ ಚಿತ್ರೋತ್ಸವ ಎಂದರೆ ಚಿತ್ರ ತೋರಿಸುವ ಮೂರು ದಿನ ಎಂದು ಹೊರಗಿನವರು ಭಾವಿಸುತ್ತಾರೆ. ಅದು ವರ್ಷವಿಡೀ ನಡೆಯುವ ಪತ್ರವ್ಯವಹಾರ. ಚಿತ್ರದ ಹಕ್ಕು ಯಾರ ಬಳಿ ಇದೆಯೆಂದು ಹುಡುಕಬೇಕು, ಅವರಿಗೆ ಬರೆಯಬೇಕು, ನಮ್ಮ ಬಳಿ ಹಣವಿಲ್ಲವೆಂದು ನೇರವಾಗಿ ಹೇಳಬೇಕು. ಬರೆದ ಎಷ್ಟೋ ಯುವ ನಿರ್ದೇಶಕರು ಸಂತೋಷದಿಂದ ಚಿತ್ರ ಕಳಿಸಿದರು. ಹಣಕ್ಕಿಂತ ಹೆಚ್ಚಾಗಿ ಅವರು ಬಯಸಿದ್ದು ನೋಡುಗರನ್ನು. ಇಂದಿರಾನಗರದ ಮ್ಯಾಕ್ಸ್‌ಮುಲ್ಲರ್ ಭವನದಂಥ ಸಂಸ್ಥೆಗಳು ಟಿಕೆಟ್ಟಿಲ್ಲದ ಪ್ರದರ್ಶನಕ್ಕೆ ಜರ್ಮನ್ ಚಿತ್ರಗಳನ್ನು ಎರವಲು ಕೊಡುತ್ತವೆಂಬುದನ್ನು ತಿಳಿದುಕೊಂಡೆವು. ಸೆನ್ಸಾರ್ ಪ್ರಮಾಣಪತ್ರವಿಲ್ಲದ ಚಿತ್ರವನ್ನು ಸಾರ್ವಜನಿಕವಾಗಿ ತೋರಿಸಬೇಕಾದರೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ ವಿನಾಯಿತಿ ಪಡೆಯಬೇಕು. ಪ್ರತಿ ಚಿತ್ರದ ಸಾರಾಂಶ ಬರೆದು, ಪಟ್ಟಿ ಮಾಡಿ ಕಳಿಸಿ ಉತ್ತರಕ್ಕೆ ಕಾಯಬೇಕು. ಬ್ಯಾಂಕಿನಲ್ಲಿ ಗುಮಾಸ್ತೆಯಾಗಿದ್ದ ಸ್ವಯಂಸೇವಕಿಯೊಬ್ಬರು ಈ ಕಾಗದಪತ್ರದ ಕೆಲಸವನ್ನು ಯಾರಿಗೂ ಬಿಟ್ಟುಕೊಡದೆ ಅಚ್ಚುಕಟ್ಟಾಗಿ ಮಾಡಿದರು. ತಮ್ಮ ಹೆಸರನ್ನು ಯಾವ ಪೋಸ್ಟರಿನಲ್ಲೂ ಹಾಕಿಸಿಕೊಳ್ಳಲಿಲ್ಲ.

ಹಕ್ಕಿನ ಹುಡುಕಾಟದಲ್ಲೇ ಇನ್ನೊಂದು ಬಾಗಿಲು ತೆರೆಯಿತು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಿನಿಮಾದ ಹಕ್ಕು ಬಿಡುಗಡೆಯಾದ ಮರುವರ್ಷದಿಂದ 60 ವರ್ಷ. 1954ರ ಕನ್ನಡದ ‘ಬೇಡರ ಕಣ್ಣಪ್ಪ’, 1955ರ ಬಂಗಾಳಿಯ ‘ಪಥೇರ್ ಪಾಂಚಾಲಿ’ ನಾವು ಉತ್ಸವ ಶುರುಮಾಡುವ ಹೊತ್ತಿಗೆ ಆ ಗಡುವು ದಾಟಿದ್ದವು. ಹಳೆಯದನ್ನು ಹೊಸದರ ಪಕ್ಕದಲ್ಲಿ ಇಡುವ ಅಭ್ಯಾಸ ಹಾಗೆ ಬಂತು. ಯಾರೋ ಹುಡುಗರು ಮೊನ್ನೆ ಮೊನ್ನೆ ಮಾಡಿದ ಕಿರುಚಿತ್ರದ ಹಿಂದೆಯೇ ಒಂದು ಹಳೆಯ ಚಿತ್ರ. ಹಳೆಯವುಗಳಲ್ಲೂ ಕೆಲವು ಒಂದು ಕಾಲದಲ್ಲಿ ಕೈಯಲ್ಲಿ ಕಾಸಿಲ್ಲದವರು ಹಟ ಹಿಡಿದು ಮಾಡಿದವೇ ಎಂದು ಯುವಕರಿಗೆ ಗೊತ್ತಾಗಲಿ ಎಂಬ ಆಸೆ ನಮ್ಮದಾಗಿತ್ತು. ‘ಪಥೇರ್ ಪಾಂಚಾಲಿ’ ಕೂಡ ಹಣವಿಲ್ಲದೆ ನಿಂತು ನಿಂತು ಮುಗಿದ ಚಿತ್ರವೇ ಅಲ್ಲವೆ?

ಕನ್ನಡ ಸಬ್‌ಟೈಟಲ್‌ಗಳ ಕೆಲಸ ಶುರುವಾದದ್ದು ದರ್ಜಿಯ ಮತದಿಂದ. ಆಯ್ಕೆಯ ಸಭೆಯಲ್ಲಿ ಇರಾನಿನ ಕಿರುಚಿತ್ರವೊಂದನ್ನು ನೋಡಿ, ಚೆನ್ನಾಗಿದೆ, ಆದರೆ ಕೆಳಗೆ ಬರುವ ಇಂಗ್ಲಿಷ್ ನನಗೆ ಓದಲು ಬರುವುದಿಲ್ಲ, ನಮ್ಮ ಬೀದಿಯವರನ್ನು ಹೇಗೆ ಕರೆಯಲಿ ಎಂದರು. ಅದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ. ಅಂದೇ ನಿರ್ಧಾರವಾಯಿತು: ಕನ್ನಡವಲ್ಲದ ಪ್ರತಿ ಚಿತ್ರಕ್ಕೂ ನಾವೇ ಕನ್ನಡದಲ್ಲಿ ಬರೆಯಬೇಕು. ಈ ಕೆಲಸ ಎಷ್ಟು ಸೂಕ್ಷ್ಮ ಎಂಬುದು ಕೂತಾಗ ಗೊತ್ತಾಯಿತು. ಇಂಗ್ಲಿಷಿನಲ್ಲಿ ಸಾಲಿಗೆ 42 ಅಕ್ಷರ, ಒಮ್ಮೆಗೆ ಎರಡು ಸಾಲು ಎಂಬ ರೂಢಿಯಿದೆ. ಕನ್ನಡದಲ್ಲಿ ಅಷ್ಟು ತುಂಬಿದರೆ ಹೊಸದಾಗಿ ಓದು ಕಲಿತವರಿಗೆ ಕಣ್ಣು ಓಡುವುದಿಲ್ಲ. ಸಾಲುಗಳನ್ನು ಮೊಟಕು ಮಾಡಿದೆವು. ಕೆಲವು ಪ್ಲೇಯರುಗಳಲ್ಲಿ ಒತ್ತಕ್ಷರಗಳು ಒಡೆದು ಬೇರೆಬೇರೆಯಾಗಿ ಕಾಣುತ್ತಿದ್ದವು. ಕೊನೆಗೆ ಅಕ್ಷರಗಳನ್ನು ಚಿತ್ರದಲ್ಲೇ ಅಚ್ಚೊತ್ತುವ ವಿಧಾನ ಹಿಡಿದೆವು. ಐಟಿಪಿಎಲ್ ಕಡೆಯ ಕಂಪನಿಗಳಲ್ಲಿ ಕೋಡ್ ಬರೆಯುವ ಹುಡುಗಿಯರು ಈ ತಾಂತ್ರಿಕ ಭಾಗ ನೋಡಿಕೊಂಡರು.

ಭಾಷೆಯನ್ನು ನೋಡಿಕೊಂಡವನು ರಾಯಚೂರು ಜಿಲ್ಲೆಯ ಒಬ್ಬ ಯುವಕ. ಕನ್ನಡದಲ್ಲಿ ಬಿ.ಎ. ಮಾಡಿ, ಕೆಲಸ ಸಿಗದೆ, ಅಪಾರ್ಟ್‌ಮೆಂಟೊಂದರ ಗೇಟಿನಲ್ಲಿ ಸೆಕ್ಯುರಿಟಿಯಾಗಿದ್ದ. ರಾತ್ರಿ ಪಾಳಿಯಲ್ಲಿ ನೋಟುಪುಸ್ತಕದಲ್ಲಿ ಸಾಲುಗಳನ್ನು ಬರೆದು ಬೆಳಗ್ಗೆ ಕೊಡುತ್ತಿದ್ದ. ಯಾವ ಪಾತ್ರ ಯಾರನ್ನು ಬಹುವಚನದಲ್ಲಿ ಕರೆಯಬೇಕು, ಅಜ್ಜಿಯ ಬಾಯಲ್ಲಿ ಯಾವ ಮಾತು ಸಹಜ, ಎಲ್ಲಿ ಮಾತೇ ಬೇಡ ಎಂಬುದರಲ್ಲಿ ಅವನಿಗಿದ್ದ ಕಿವಿ ನಮ್ಮಲ್ಲಿ ಇನ್ಯಾರಿಗೂ ಇರಲಿಲ್ಲ. ಅದೇ ಅಪಾರ್ಟ್‌ಮೆಂಟಿನ ನಿವಾಸಿಗಳಾದ ಎಂಜಿನಿಯರುಗಳು ಅವನ ಪಕ್ಕ ಕೂತು ತಮ್ಮ ಸಾಲುಗಳನ್ನು ತಿದ್ದಿಸಿಕೊಂಡರು. ಗೇಟು ತೆಗೆಯುವವನು, ಕಾರಿನಲ್ಲಿ ಹೋಗುವವರು ಎಂಬ ಅಂತರ ಆ ಟೇಬಲ್ಲಿನ ಮೇಲೆ ಉಳಿಯಲಿಲ್ಲ. ಅದನ್ನು ಅಳಿಸುವ ಶಕ್ತಿ ಉಪದೇಶಕ್ಕಿಲ್ಲ, ಕೂಡಿ ಮಾಡುವ ಕೆಲಸಕ್ಕಿದೆ.

2018ರ ಆಷಾಢದಲ್ಲಿ ‘ಪಥೇರ್ ಪಾಂಚಾಲಿ’ ತೋರಿಸಿದೆವು. ನಮ್ಮ ಸುತ್ತಲಿನ ಮನೆಗೆಲಸದವರಲ್ಲಿ, ಕಸ ಆಯುವವರಲ್ಲಿ ಬಂಗಾಳಿ ಮಾತಾಡುವವರು ಬಹಳ ಮಂದಿ. ತಗಡಿನ ಶೆಡ್ಡುಗಳ ಕಡೆಗೆ ಹೋಗಿ ಕರೆದು ಬಂದಿದ್ದೆವು. ಬಂದಾರೆಂಬ ಭರವಸೆಯಿರಲಿಲ್ಲ. ಮಕ್ಕಳನ್ನು ಎತ್ತಿಕೊಂಡು ಬಂದು ಮುಂದಿನ ಜಮಖಾನದ ಮೇಲೆ ಕೂತರು. ಚುನಿಬಾಲಾ ದೇವಿಯವರು ಅಭಿನಯಿಸಿದ ಮುದುಕಿ ಇಂದಿರ್ ಪರದೆಯ ಮೇಲೆ ಬಾಯಿ ತೆರೆದ ಕೂಡಲೇ ಮುಂದಿನ ಸಾಲಿನಿಂದ ನಗೆ ಎದ್ದಿತು. ನಾವು ಕನ್ನಡ ಓದಿ ಮುಗಿಸಿ ನಗುವಷ್ಟರಲ್ಲಿ ಅವರು ಮುಂದಿನ ಮಾತಿಗೆ ಹೋಗಿದ್ದರು. ಅಂದು ಇಡೀ ಸಭಾಂಗಣದಲ್ಲಿ ಚಿತ್ರವನ್ನು ನೇರವಾಗಿ ಪಡೆದವರು ಅವರೇ. ನಾವೆಲ್ಲ ಅವರ ಹಿಂದೆ ಹಿಂದೆ ನಡೆದೆವು. ದೂರದ ಊರಿಂದ ಮರಳಿ ಬಂದ ತಂದೆ ಹರಿಹರ, ಮಗಳು ತೀರಿಹೋದದ್ದು ತಿಳಿಯದೆ ಅವಳಿಗೆಂದು ತಂದ ಸೀರೆಯನ್ನು ಹೆಂಡತಿ ಸರ್ವಜಯಾಳ ಕೈಗಿಟ್ಟಾಗ ಆ ತಾಯಿಯ ಅಳುವಿನ ದನಿ ನಮಗೆ ಕೇಳುವುದಿಲ್ಲ. ಅದರ ಜಾಗದಲ್ಲಿ ತಾರ್‌ಶಹನಾಯಿ ವಾದ್ಯ ಕೂಗುತ್ತದೆ. ಅಲ್ಲಿ ಸಬ್‌ಟೈಟಲ್ ಇಲ್ಲ. ಆ ಒಂದು ನಿಮಿಷ ಬಂಗಾಳಿ ಬಲ್ಲವರೂ ಬಾರದವರೂ ಸಮನಾಗಿ ಅತ್ತರು.

ಚಿತ್ರ ಮುಗಿದ ಮೇಲಿನ ಮಾತುಕತೆಯಲ್ಲಿ ಒಬ್ಬ ತಾಯಿ ಎದ್ದು ನಿಂತು, ಮುರಿದ ಕನ್ನಡದಲ್ಲಿ, ಮಳೆಯಲ್ಲಿ ನೆನೆದ ಮಗಳಿಗೆ ಜ್ವರ ಬರುವ ಭಾಗದ ಬಗ್ಗೆ ಮಾತಾಡಿದರು. ಕಿಟಕಿಗೆ ಅಡ್ಡ ಕಟ್ಟಿದ ಬಟ್ಟೆ ಗಾಳಿಗೆ ಹಾರುವುದನ್ನು ನೋಡುವಾಗ ತಮ್ಮ ಶೆಡ್ಡೇ ಕಂಡಿತು ಎಂದರು. ನಾನು ಆ ಚಿತ್ರದ ಬಗ್ಗೆ ಓದಿದ ಪುಸ್ತಕಗಳಿಗಿಂತ ಆ ಮಾತು ನನಗೆ ಹೆಚ್ಚು ಕಲಿಸಿತು. ಅವರು ಮರುವರ್ಷ ಕುರ್ಚಿ ಹಾಕಲು ಬಂದರು, ಮತ ಹಾಕಿದರು. ಮಕ್ಕಳಿಗೆ ನಗುವ ಚಿತ್ರ ಬೇಕು ಎಂದು ಪಟ್ಟು ಹಿಡಿದರು.

ಅವರ ಪಟ್ಟಿನಿಂದ ಚಾರ್ಲಿ ಚಾಪ್ಲಿನ್ ನಮ್ಮ ಊರಿಗೆ ಬಂದ. 1917ರ ‘ದಿ ಇಮಿಗ್ರಂಟ್’ ಅರ್ಧ ತಾಸಿಗೂ ಕಡಿಮೆಯ ಮೂಕಿ ಚಿತ್ರ. ನಡುನಡುವೆ ಬರುವ ಬರಹಗಳನ್ನು ಕನ್ನಡದಲ್ಲಿ ಬರೆದು, ಸರ್ಕಾರಿ ಶಾಲೆಯ ಹುಡುಗಿಯೊಬ್ಬಳ ಕೈಗೆ ಮೈಕ್ ಕೊಟ್ಟೆವು. ಮೂಕಿ ಚಿತ್ರಗಳ ಕಾಲದಲ್ಲಿ ಓದು ಬಾರದ ನೋಡುಗರಿಗೆ ಪರದೆಯ ಪಕ್ಕ ನಿಂತು ಗಟ್ಟಿಯಾಗಿ ಹೇಳುವವರಿದ್ದರು. ಆ ಕೆಲಸಕ್ಕೆ ನೂರು ವರ್ಷದ ಮೇಲೆ ಅವಳು ನಿಂತಳು. ಹಡಗು ಓಲಾಡಿ ತಟ್ಟೆಗಳು ಅತ್ತಿಂದಿತ್ತ ಜಾರುವಾಗ ಮಕ್ಕಳು ಉರುಳಾಡಿ ನಕ್ಕರು. ಸ್ವಾತಂತ್ರ್ಯ ದೇವಿಯ ಪ್ರತಿಮೆ ಕಾಣಿಸಿಕೊಂಡ ಬೆನ್ನಿಗೇ ವಲಸಿಗರನ್ನೆಲ್ಲ ಹಗ್ಗ ಕಟ್ಟಿ ಒಂದು ಕಡೆಗೆ ತಳ್ಳುವ ದೃಶ್ಯ ಬಂದಾಗ ನಗು ನಿಂತಿತು. ಅದರ ಅರ್ಥವನ್ನು ಆ ಮಕ್ಕಳಿಗೆ ಯಾರೂ ವಿವರಿಸಬೇಕಾಗಲಿಲ್ಲ.

ಕೆರೆಯ ಚಿತ್ರಗಳ ದಿನವನ್ನೂ ಹೇಳಬೇಕು. 2015ರಲ್ಲಿ ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿತ್ತು. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆ ಹೊತ್ತಿ ಉರಿದು ಹೊಗೆ ನಮ್ಮ ಆಕಾಶದವರೆಗೂ ಬಂದಿತ್ತು. ಆ ವರ್ಷ ಒಂದು ಸಂಜೆಯನ್ನು ನೀರಿನ ಕುರಿತ ಸಾಕ್ಷ್ಯಚಿತ್ರಗಳಿಗೆ ಬಿಟ್ಟುಕೊಟ್ಟು, ಮರುದಿನ ಬೆಳಗ್ಗೆ ನೋಡುಗರೆಲ್ಲ ಕುಂದಲಹಳ್ಳಿ ಕೆರೆಯ ಏರಿಯ ಮೇಲೆ ನಡೆದೆವು. ಹಿಂದಿನ ದಿನ ಹಿಂದಿನ ಸಾಲಿನಲ್ಲಿ ಮಾತಿಲ್ಲದೆ ಕೂತಿದ್ದ ಊರ ಹಿರಿಯರೊಬ್ಬರು ಅಂದು ಮುಂದೆ ನಡೆದರು. ತೂಬು ಎಲ್ಲಿತ್ತು, ಕೋಡಿ ಹರಿದರೆ ಯಾರ ಗದ್ದೆಗೆ ಮೊದಲು ನೀರು, ನೀರಗಂಟಿಗೆ ಸುಗ್ಗಿಯಲ್ಲಿ ಏನು ಕೊಡುತ್ತಿದ್ದರು ಎಂದು ಅವರು ಹೇಳುತ್ತ ಹೋದರೆ, ಗಾಜಿನ ಕಟ್ಟಡಗಳ ಕೆಳಗಿದ್ದ ಗದ್ದೆ ಬಯಲು ನಮ್ಮ ಕಣ್ಣಿಗೆ ಕಟ್ಟಿತು. ಇಲ್ಲಿ ಹತ್ತು ಹದಿನೈದು ವರ್ಷದಿಂದ ಬಾಡಿಗೆಗಿದ್ದ ದೆಹಲಿ, ಪಟ್ನಾ, ವಿಜಯವಾಡದ ಜನ ತಾವು ವಾಸಿಸುವ ನೆಲದ ಚರಿತ್ರೆಯನ್ನು ಮೊದಲ ಬಾರಿಗೆ ಆ ಊರಿನವರ ಬಾಯಲ್ಲಿ ಕೇಳಿದರು. ಚಿತ್ರಗಳು ಆ ಹಿರಿಯರ ಮಾತಿಗೆ ವೇದಿಕೆ ಹಾಕಿಕೊಟ್ಟವು. ಅವರ ಮಾತೇ ಆ ಸಲದ ಉತ್ಸವದ ಮುಖ್ಯ ಪ್ರದರ್ಶನ ಎಂದು ನಾನು ಈಗಲೂ ಹೇಳುತ್ತೇನೆ.

2020ರಲ್ಲಿ ಉತ್ಸವ ನಡೆಯಲಿಲ್ಲ. ಜಗತ್ತಿನ ದೊಡ್ಡ ಉತ್ಸವಗಳು ಸೇರಿ ಯೂಟ್ಯೂಬಿನಲ್ಲಿ ‘ವಿ ಆರ್ ಒನ್’ ಎಂದು ನಡೆಸಿದ್ದನ್ನು ಮನೆಮನೆಗಳಲ್ಲಿ ನೋಡಿದೆವು. ನಮ್ಮ ನೋಡುಗರಲ್ಲಿ ಅರ್ಧ ಜನ ಲಾಕ್‌ಡೌನಿನಲ್ಲಿ ಊರು ಬಿಟ್ಟಿದ್ದರು. ಆ ವರ್ಷ ಸ್ವಯಂಸೇವಕರ ಪಟ್ಟಿ ರೇಷನ್ ಕಿಟ್ ಹಂಚಲು ಉಪಯೋಗಕ್ಕೆ ಬಂತು. ಯಾವ ಶೆಡ್ಡಿನಲ್ಲಿ ಎಷ್ಟು ಮಂದಿ, ಯಾರಿಗೆ ಯಾವ ಭಾಷೆ ಬರುತ್ತದೆಂದು ನಮಗೆ ಗೊತ್ತಿದ್ದದ್ದು ಸಿನಿಮಾಕ್ಕೆ ಕರೆಯಲು ಅಲ್ಲೆಲ್ಲ ಓಡಾಡಿದ್ದರಿಂದ.

ಮತ್ತೆ ಶುರುವಾದಾಗ ಹಳೆಯ ಮುಖಗಳು ಕಡಿಮೆಯಿದ್ದವು. ಸ್ವಯಂಸೇವಕರ ಉತ್ಸವಕ್ಕೆ ಅತಿ ದೊಡ್ಡ ಕಷ್ಟ ಹಣದ್ದಲ್ಲ, ಜನ ಚದುರಿಹೋಗುವುದು. ಕೆಲಸ ಬದಲಾಗುತ್ತದೆ, ಮದುವೆಯಾಗುತ್ತದೆ, ತಾಯಿತಂದೆಗೆ ಕಾಯಿಲೆ ಬರುತ್ತದೆ. ಸಬ್‌ಟೈಟಲ್ ಬರೆದ ಯುವಕ ತನ್ನ ಜಿಲ್ಲೆಗೆ ಮರಳಿ ಅತಿಥಿ ಶಿಕ್ಷಕನಾದ. ಅವನ ಸಾಲುಗಳಿದ್ದ ನೋಟುಪುಸ್ತಕಗಳ ಪ್ರತಿಯನ್ನು ಅವನಿಗೇ ಕಳಿಸಿದೆವು, ತನ್ನ ಶಾಲೆಯ ಮಕ್ಕಳಿಗೆ ಅವೇ ಚಿತ್ರಗಳನ್ನು ತೋರಿಸಿದ. ಹೋದವರ ಜಾಗಕ್ಕೆ ಹೊಸಬರು ಬರಬೇಕಾದರೆ ಬಂದ ದಿನವೇ ಅವರ ಕೈಗೆ ನಿಜವಾದ ಜವಾಬ್ದಾರಿ ಸಿಗಬೇಕು. ಮೇಷ್ಟ್ರ ನಿಯಮ ಅಲ್ಲೂ ನಮ್ಮನ್ನು ಕಾಯಿತು. ಬಾಗಿಲಲ್ಲಿ ನಿಲ್ಲಿಸಿ ಬ್ಯಾಡ್ಜ್ ಕೊಟ್ಟರೆ ಯಾರೂ ಎರಡನೇ ವರ್ಷ ಬರುವುದಿಲ್ಲ. ಆಯ್ಕೆಯ ಸಭೆಯಲ್ಲಿ ಕೂರಿಸಿ, ನಿನಗೇನು ಅನ್ನಿಸಿತು ಎಂದು ಕೇಳಿ, ಆ ಉತ್ತರಕ್ಕೆ ತಕ್ಕಂತೆ ಪಟ್ಟಿ ಬದಲಾದರೆ ಬರುತ್ತಾರೆ.

2023ರ ಮಾರ್ಚಿನಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡಿನವರೆಗೆ ಮೆಟ್ರೊ ಓಡಿತು, ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯ ಕೊಂಡಿ ಕೂಡಿತು. ಕುಂದಲಹಳ್ಳಿ ನಿಲ್ದಾಣದಲ್ಲಿ ಹತ್ತಿ ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗ ಹಿಡಿದರೆ ರಾಜಾಜಿನಗರದ ಕಡೆ ನಡೆಯುವ ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ನಾವೂ ನಿರಾಳವಾಗಿ ಹೋಗುವಂತಾಯಿತು. 2024ರ ಮಾರ್ಚ್ 1ರ ಮಧ್ಯಾಹ್ನ ನಮ್ಮಲ್ಲಿ ಹಲವರು ಅಲ್ಲೇ ಇದ್ದೆವು. ಬ್ರೂಕ್‌ಫೀಲ್ಡಿನ ಹೋಟೆಲೊಂದರಲ್ಲಿ ಬಾಂಬ್ ಸ್ಫೋಟಿಸಿದ ಸುದ್ದಿ ಬಂತು. ಅದು ನಾವು ದಿನಾ ಓಡಾಡುವ ರಸ್ತೆ. ಚಿತ್ರ ಅರ್ಧಕ್ಕೇ ಬಿಟ್ಟು ಎಲ್ಲರೂ ಒಬ್ಬರಿಗೊಬ್ಬರು ಫೋನ್ ಮಾಡಿ ನಮ್ಮವರೆಲ್ಲ ಕ್ಷೇಮವೆಂದು ಖಾತ್ರಿ ಮಾಡಿಕೊಂಡೆವು.

ಆ ವರ್ಷ ಉತ್ಸವ ಬೇಡ, ಗುರುತಿಲ್ಲದವರನ್ನು ಒಳಗೆ ಬಿಡುವುದು ಹೇಗೆ ಎಂಬ ಮಾತು ಸಭೆಯಲ್ಲಿ ಬಂತು. ಭಯ ನಿಜವಾದದ್ದಾಗಿತ್ತು, ಯಾರೂ ಅದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಕೊನೆಗೆ ಮತಕ್ಕೆ ಹಾಕಿದಾಗ ನಡೆಸೋಣ ಎಂದವರೇ ಹೆಚ್ಚು. ಚೀಲ ತಪಾಸಣೆಗೆ ಇಬ್ಬರನ್ನು ನಿಲ್ಲಿಸಿದೆವು, ಪೊಲೀಸ್ ಠಾಣೆಗೆ ಮುಂಚೆಯೇ ಕಾರ್ಯಕ್ರಮದ ಪಟ್ಟಿ ಕೊಟ್ಟೆವು, ಬಾಗಿಲು ಮಾತ್ರ ಎಲ್ಲರಿಗೂ ತೆರೆದೇ ಇಟ್ಟೆವು. ಗುರುತಿಲ್ಲದವರನ್ನು ಗುರುತಿನವರನ್ನಾಗಿ ಮಾಡುವುದೇ ಇಷ್ಟು ವರ್ಷ ನಾವು ಮಾಡಿದ ಕೆಲಸ. ಅದನ್ನು ನಿಲ್ಲಿಸಿದರೆ ಊರು ಇನ್ನಷ್ಟು ಅಪರಿಚಿತವಾಗುತ್ತಿತ್ತು.

ಈಗ ಉತ್ಸವವನ್ನು ನಡೆಸುವವರು ನಾವಲ್ಲ. ಮೈಕ್ ಹಿಡಿದು ಚಾಪ್ಲಿನ್ನನ ಬರಹ ಓದಿದ ಹುಡುಗಿ ಕಾಲೇಜು ಸೇರಿ, ಆಯ್ಕೆ ಸಮಿತಿಯ ಸಭೆಗಳನ್ನು ಅವಳೇ ಕರೆಯುತ್ತಾಳೆ. ಅವಳು ತರುವ ಚಿತ್ರಗಳು ನಮಗೆ ಹೊಸವು. ಮೈಸೂರಿನ ಚಿದಾನಂದ ನಾಯ್ಕ ಅವರ ಕನ್ನಡ ಕಿರುಚಿತ್ರ 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆದಾಗ ನಮ್ಮ ಗುಂಪಿಗೆ ಮೊದಲು ಸುದ್ದಿ ಮುಟ್ಟಿಸಿದವಳೂ ಅವಳೇ. ನಾನು ಬೆಳಗ್ಗೆ ಹೋಗಿ ಜಮಖಾನ ಹಾಸುತ್ತೇನೆ, ನನಗೂ ಒಂದು ಮತ ಇದೆ.

ತಮ್ಮ ಬಡಾವಣೆಯಲ್ಲಿ ಇಂಥದ್ದನ್ನು ಶುರುಮಾಡಬೇಕೆಂದು ಪೀಣ್ಯದಿಂದ, ಎಲೆಕ್ಟ್ರಾನಿಕ್ ಸಿಟಿಯಿಂದ ಕೆಲವರು ಬಂದು ಕೇಳುತ್ತಾರೆ. ಎಷ್ಟು ದುಡ್ಡು ಬೇಕು, ಯಾವ ಪ್ರೊಜೆಕ್ಟರ್ ಒಳ್ಳೆಯದು ಎಂಬುದು ಅವರ ಮೊದಲ ಪ್ರಶ್ನೆ. ಅದಕ್ಕೆಲ್ಲ ಉತ್ತರ ಕೊಡುತ್ತೇವೆ. ಆಮೇಲೆ ನಾವು ಮೂರು ಮಾತು ಹೇಳುತ್ತೇವೆ: ಆಷಾಢದಲ್ಲಿ ಮಂಟಪ ಕೇಳಿ. ಪರದೆಯ ಮೇಲಿನ ಅಕ್ಷರ ನಿಮ್ಮ ಬೀದಿಯವರು ಓದುವಂತಿರಲಿ, ಅದು ಕನ್ನಡದಲ್ಲಿರಲಿ. ಕುರ್ಚಿ ಹಾಕಲು ಬಂದವರನ್ನು ಬರೀ ಕುರ್ಚಿ ಹಾಕಿಸಿ ಕಳಿಸಬೇಡಿ, ಚಿತ್ರ ಆರಿಸಲೂ ಕೂರಿಸಿ. ಮೊದಲ ವರ್ಷ ಅಂಥವರು ನಾಲ್ಕೇ ಜನ ಸಿಕ್ಕರೂ ಸಾಕು, ಉತ್ಸವ ನಿಲ್ಲುತ್ತದೆಂಬ ಭಯ ಬೇಡ.